ಗೂಡಿನ ಮಾರುಕಟ್ಟೆಯಲ್ಲಿ ಒಂದು ಅರ್ಥಶಾಸ್ತ್ರದ ಪಾಠ



ಕಳೆದ ತಿಂಗಳು ದ್ವಿತೀಯ ಪಿಯುಸಿ ತರಗತಿಯಲ್ಲಿ ಪಠ್ಯಪುಸ್ತಕದಿಂದ ಸ್ವಲ್ಪ ಆಚೆ ಹೋಗಿ ‘ಪ್ರಾದೇಶಿಕ ನಾವೀನ್ಯತಾ ವ್ಯವಸ್ಥೆ’ ಎಂಬ ವಿಷಯ ಹೇಳುತ್ತಿದ್ದೆ. ಕ್ಯಾಲಿಫೋರ್ನಿಯಾದ ಸಿಲಿಕಾನ್ ವ್ಯಾಲಿಯ ಉದಾಹರಣೆ ಕೊಟ್ಟೆ, ಬೆಂಗಳೂರಿನ ಉದಾಹರಣೆಯನ್ನೂ ಕೊಟ್ಟೆ. ಆಗ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ಕೇಳಿದಳು: “ಸರ್, ಇವೆಲ್ಲಾ ಅಮೆರಿಕಕ್ಕೆ, ಬೆಂಗಳೂರಿಗೆ ಸರಿ. ನಮ್ಮ ರಾಮನಗರದಲ್ಲಿ ಏನಿದೆ ಸರ್, ಗೂಡು ಬೇಯಿಸೋದು ಬಿಟ್ಟರೆ?”

ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಮನೆಗೆ ಹೋದ ಮೇಲೆ ಆ ಪ್ರಶ್ನೆ ಬಿಡಲಿಲ್ಲ. ಏಕೆಂದರೆ ನಾನು ಹುಟ್ಟಿ ಬೆಳೆದದ್ದು ಗೂಡು ಬೇಯಿಸುವ ಮನೆಯಲ್ಲಿಯೇ. ನಮ್ಮ ಅಬ್ಬಾ ರೀಲರ್ ಆಗಿದ್ದರು. ಇಷ್ಟು ವರ್ಷ ಪಾಠ ಮಾಡಿದರೂ ಒಮ್ಮೆಯೂ ನನ್ನ ಮನೆಯ ಕಸುಬನ್ನು ನಾನು ಉದಾಹರಣೆಯಾಗಿ ತೆಗೆದುಕೊಂಡಿರಲಿಲ್ಲ. ಅವಳ ಪ್ರಶ್ನೆಗೆ ತರಗತಿಯಲ್ಲಿ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಪದದ ಅರ್ಥ

ಆವಿಷ್ಕಾರ ಬೇರೆ, ನಾವೀನ್ಯತೆ ಬೇರೆ. ಈ ವ್ಯತ್ಯಾಸವನ್ನು ಒತ್ತಿ ಹೇಳಿದವರು ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್. ಹೊಸದೊಂದನ್ನು ಕಂಡುಹಿಡಿಯುವುದು ಆವಿಷ್ಕಾರ. ಅದು ದಿನನಿತ್ಯದ ಉತ್ಪಾದನೆಯೊಳಗೆ ಬಂದು, ಜನ ಅದನ್ನು ಬಳಸಿ, ಅದರಿಂದ ಸಂಪಾದನೆ ಬದಲಾದರೆ ಅದು ನಾವೀನ್ಯತೆ. ಪ್ರಯೋಗಾಲಯದ ಕಪಾಟಿನಲ್ಲೇ ಉಳಿದ ಹೊಸ ತಳಿಯ ಮೊಟ್ಟೆ ಆವಿಷ್ಕಾರವಷ್ಟೇ. ಅದೇ ತಳಿಯನ್ನು ರೈತ ಸಾಕಿ, ಅದರ ಗೂಡನ್ನು ರೀಲರ್ ಹೆಚ್ಚಿನ ಬೆಲೆ ಕೊಟ್ಟು ಕೊಂಡರೆ ಅದು ನಾವೀನ್ಯತೆ.

ಇದು ಒಬ್ಬ ಬುದ್ಧಿವಂತನಿಂದ ಆಗುವ ಕೆಲಸವಲ್ಲ ಎಂಬುದು ಎರಡನೆಯ ಮಾತು. 1890ರಲ್ಲಿಯೇ ಆಲ್ಫ್ರೆಡ್ ಮಾರ್ಷಲ್ ಒಂದು ವಿಷಯ ಗುರುತಿಸಿದ್ದರು: ಒಂದೇ ಕಸುಬಿನವರು ಒಂದೇ ಊರಲ್ಲಿ ನೆಲೆಸಿದಾಗ ಕಸುಬಿನ ಗುಟ್ಟು ಯಾರೊಬ್ಬರ ಸ್ವತ್ತಾಗಿ ಉಳಿಯುವುದಿಲ್ಲ, ಮಕ್ಕಳು ಆಡುತ್ತಾಡುತ್ತಲೇ ಅರ್ಧ ಕಲಿತಿರುತ್ತಾರೆ. ನೂರು ವರ್ಷಗಳ ನಂತರ, 1992ರಲ್ಲಿ, ಬ್ರಿಟನ್ನಿನ ಫಿಲಿಪ್ ಕುಕ್ ‘ಪ್ರಾದೇಶಿಕ ನಾವೀನ್ಯತಾ ವ್ಯವಸ್ಥೆ’ ಎಂಬ ಹೆಸರಿನಲ್ಲಿ ಈ ಯೋಚನೆಯನ್ನು ಮುಂದುವರಿಸಿದರು. ಸರಳವಾಗಿ ಹೇಳಿದರೆ ಇದರಲ್ಲಿ ಮೂರು ಭಾಗಗಳಿವೆ: ಜ್ಞಾನವನ್ನು ಹುಟ್ಟಿಸುವವರು (ಸಂಶೋಧನಾ ಕೇಂದ್ರ, ಕಾಲೇಜು, ತರಬೇತಿ ಶಾಲೆ), ಜ್ಞಾನವನ್ನು ಬಳಸುವವರು (ರೈತ, ಕಾರ್ಖಾನೆ, ವ್ಯಾಪಾರಿ), ಇವರಿಬ್ಬರ ನಡುವಿನ ಕೊಂಡಿ (ಮಾರುಕಟ್ಟೆ, ಬ್ಯಾಂಕು, ಸಂಘ, ಕಾನೂನು, ಪರಸ್ಪರ ನಂಬಿಕೆ).

ಈ ಮೂರನೆಯ ಭಾಗವೇ ಮುಖ್ಯ. 1994ರಲ್ಲಿ ಅನಾಲೀ ಸ್ಯಾಕ್ಸೇನಿಯನ್ ಎಂಬ ವಿದ್ವಾಂಸೆ ಸಿಲಿಕಾನ್ ವ್ಯಾಲಿಯನ್ನು ಬಾಸ್ಟನ್ ಬಳಿಯ ‘ರೂಟ್ 128’ ಎಂಬ ಪ್ರದೇಶದೊಂದಿಗೆ ಹೋಲಿಸಿದರು. ಎರಡೂ ಕಡೆ ದೊಡ್ಡ ವಿಶ್ವವಿದ್ಯಾಲಯಗಳಿದ್ದವು, ಹಣವಿತ್ತು, ಪ್ರತಿಭೆಯಿತ್ತು. ಬಾಸ್ಟನ್ ಕಡೆಯ ಕಂಪನಿಗಳು ತಮ್ಮ ತಮ್ಮ ಗೋಡೆಯೊಳಗೇ ಇದ್ದವು. ಕ್ಯಾಲಿಫೋರ್ನಿಯಾದವರು ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗುತ್ತ, ಮಾತಾಡುತ್ತ, ಕೇಳಿಸಿಕೊಳ್ಳುತ್ತ ಬೆಳೆದರು. ಎರಡನೆಯವರು ಮುಂದೆ ಹೋದರು.

ಈಗ ಈ ಮೂರು ಭಾಗಗಳನ್ನು ನಮ್ಮ ಊರಿನಲ್ಲಿ ಹುಡುಕೋಣ.

ಒಂದು ಗೂಡಿನ ಹಿಂದೆ ಎಷ್ಟು ಜನ?

ಬೆಳಿಗ್ಗೆ ಗೂಡಿನ ಮಾರುಕಟ್ಟೆಗೆ ಹೋಗಿ ಒಂದು ಗೂಡನ್ನು ಕೈಯಲ್ಲಿ ಹಿಡಿದು ನೋಡಿ. ಏಷ್ಯಾದ ಅತಿ ದೊಡ್ಡ ಗೂಡಿನ ಮಾರುಕಟ್ಟೆ ಎಂದು ಹೆಸರಾದ ಜಾಗ ನಿಮ್ಮ ಮನೆಯ ಹತ್ತಿರವೇ ಇದೆ.

ಆ ಗೂಡು ಕಟ್ಟಿದ ಹುಳು ತಿಂದದ್ದು ಹಿಪ್ಪುನೇರಳೆ ಸೊಪ್ಪು. ನಮ್ಮ ಕಡೆ ಬಹುಕಾಲ ಬೆಳೆದ ಎಂ-5 ತಳಿಗೆ ‘ಕಣ್ವ-2’ ಎಂಬ ಇನ್ನೊಂದು ಹೆಸರಿದೆ. ಇಲ್ಲೇ ಚನ್ನಪಟ್ಟಣದ ಬಳಿಯ ಕಣ್ವದ ಸರ್ಕಾರಿ ತೋಟದಿಂದ ಬಂದ ಹೆಸರು ಅದು. ಆಮೇಲೆ ಬಂದದ್ದು ವಿ-1. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ 1990ರ ದಶಕದಲ್ಲಿ ಬಿಡುಗಡೆ ಮಾಡಿದ ತಳಿ. ಅದೇ ಎಕರೆಯಲ್ಲಿ ಇನ್ನಷ್ಟು ಸೊಪ್ಪು, ಹಾಗಾಗಿ ಇನ್ನಷ್ಟು ಹುಳು.

ಹುಳು ಬಂದದ್ದು ಮೊಟ್ಟೆಯಿಂದ. ಬಿತ್ತನೆ ಕೋಠಿಯಲ್ಲಿ ತಾಯಿ ಚಿಟ್ಟೆ ಮೊಟ್ಟೆಯಿಟ್ಟ ಮೇಲೆ ಅದನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಪೆಬ್ರಿನ್ ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಹಾಕುತ್ತಾರೆ. ಈ ಪರೀಕ್ಷೆಯ ಮೂಲ 1865ರಿಂದ 1870ರವರೆಗೆ ದಕ್ಷಿಣ ಫ್ರಾನ್ಸಿನ ರೇಷ್ಮೆ ಸೀಮೆಯಲ್ಲಿ ಲೂಯಿ ಪಾಶ್ಚರ್ ಮಾಡಿದ ಕೆಲಸದಲ್ಲಿದೆ. ನೀವು ಜೀವಶಾಸ್ತ್ರದಲ್ಲಿ ಓದುವ ಪಾಶ್ಚರ್ ಅವರೇ! ನೂರೈವತ್ತು ವರ್ಷಗಳ ಹಿಂದೆ ಒಂದು ಹಳ್ಳಿಗಾಡಿನ ಸಂಕಟಕ್ಕೆ ಹುಡುಕಿದ ಉತ್ತರ ಇಂದು ನಮ್ಮ ಪಕ್ಕದ ಬೀದಿಯಲ್ಲಿ ನಡೆಯುತ್ತಿದೆ.

ಈ ಕಸುಬು ಮೈಸೂರು ಸೀಮೆಯಲ್ಲಿ ಬೇರೂರಿದ್ದರ ಹಿಂದೆಯೂ ಹೊರಗಿನಿಂದ ಕಲಿಯುವ ಆಸೆಯಿತ್ತು. 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಬಂಗಾಳ ಮತ್ತು ಮಸ್ಕತ್ತಿನಿಂದ ರೇಷ್ಮೆ ಹುಳು ತರಿಸಲು ಪ್ರಯತ್ನಿಸಿದರು. 19ನೇ ಶತಮಾನದ ಕೊನೆಯಲ್ಲಿ ಜಮ್‌ಷೆಡ್‌ಜಿ ಟಾಟಾ ಜಪಾನಿ ಪರಿಣತರ ನೆರವಿನಿಂದ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ತೆರೆದರು. ಬೆಂಗಳೂರಿನ ‘ಟಾಟಾ ಸಿಲ್ಕ್ ಫಾರಂ’ ಬಡಾವಣೆಯ ಹೆಸರು ಅದರಿಂದಲೇ ಬಂತು. 1912ರಲ್ಲಿ ಮೈಸೂರಿನಲ್ಲಿ ನೇಯ್ಗೆ ಕಾರ್ಖಾನೆ ಬಂತು. ಸ್ವಾತಂತ್ರ್ಯದ ನಂತರ ಕೇಂದ್ರ ರೇಷ್ಮೆ ಮಂಡಳಿ, ಮೈಸೂರಿನ ಸಂಶೋಧನಾ ಸಂಸ್ಥೆ, 1983ರಲ್ಲಿ ಬೆಂಗಳೂರಿನಲ್ಲಿ ನೂಲು ತಂತ್ರಜ್ಞಾನಕ್ಕೆಂದೇ ಇನ್ನೊಂದು ಸಂಸ್ಥೆ ಬಂದವು.

ಕೊಂಡಿಯ ಭಾಗಕ್ಕೆ ಬರೋಣ. 1959ರ ಕಾನೂನಿನ ಪ್ರಕಾರ ರೈತರು ಗೂಡನ್ನು ಸರ್ಕಾರಿ ಮಾರುಕಟ್ಟೆಯ ಹರಾಜಿನಲ್ಲಿ ಮಾರಬೇಕು. ಇದು ಬರೀ ಕಟ್ಟಳೆಯಲ್ಲ. ಎಲ್ಲರ ಕಣ್ಣೆದುರು ಹರಾಜಾದಾಗ ಒಳ್ಳೆಯ ಗೂಡಿಗೆ ಎಷ್ಟು, ಕೆಟ್ಟದ್ದಕ್ಕೆ ಎಷ್ಟು ಎಂಬುದು ರೈತನಿಗೆ ಅಂದೇ ತಿಳಿಯುತ್ತದೆ. ಮುಂದಿನ ಬೆಳೆಗೆ ಏನು ತಿದ್ದಿಕೊಳ್ಳಬೇಕೆಂದು ಅವನು ಮನೆಗೆ ಹೋಗುವ ದಾರಿಯಲ್ಲೇ ಯೋಚಿಸುತ್ತಾನೆ. ಮಾರುಕಟ್ಟೆ ಒಂದು ಶಾಲೆ ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಹಾಗಾದರೆ ಆ ವಿದ್ಯಾರ್ಥಿನಿಗೆ ಮೊದಲ ಉತ್ತರ ಸಿಕ್ಕಿತು: ಮೂರು ಭಾಗಗಳೂ ನಮ್ಮಲ್ಲಿವೆ.

ಕೊಂಡಿ ಹಿಡಿದಾಗ

1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಬಂತು. ಬಂಗಾಳದ ಕಡೆಯಿಂದ ಬಂದ ಈ ನೊಣ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಅದರ ಮರಿ ಹುಳುವನ್ನು ಒಳಗಿನಿಂದ ತಿಂದು, ಗೂಡನ್ನು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲಾಗದು. ವಿಷ ಸಿಂಪಡಿಸೋಣವೆಂದರೆ ರೇಷ್ಮೆ ಹುಳುವೂ ಸಾಯುತ್ತದೆ.

ಪರಿಹಾರ ಎರಡು ಕಡೆಯಿಂದ ಬಂತು. ಹುಳು ಮನೆಯ ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಕಟ್ಟುವುದು ಒಂದು. ಊಜಿಯ ಕೋಶದೊಳಗೆ ತನ್ನ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ನೆಸೊಲಿಂಕ್ಸ್ ಥೈಮಸ್ ಎಂಬ ಸಣ್ಣ ಕೀಟವನ್ನು ಸಾಕಿ ರೈತರಿಗೆ ಹಂಚುವುದು ಇನ್ನೊಂದು. ಆದರೆ ಒಬ್ಬ ರೈತ ಮಾತ್ರ ಪರದೆ ಕಟ್ಟಿದರೆ ಸಾಲದು. ಪಕ್ಕದ ಮನೆಯಲ್ಲಿ ಬೆಳೆದ ನೊಣ ಇವನ ಮನೆಗೂ ಬರುತ್ತದೆ. ಊರಿಗೆ ಊರೇ ಮಾಡಬೇಕು. ಇದನ್ನೇ ಅರ್ಥಶಾಸ್ತ್ರದಲ್ಲಿ ‘ಬಾಹ್ಯ ಪರಿಣಾಮ’ ಎನ್ನುತ್ತೇವೆ. ಸರ್ಕಾರ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಸುಲಭವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಕೊಂಡಿ ತಪ್ಪಿದಾಗ

ಈಗ ನಮ್ಮ ಮನೆಯ ಕಥೆ.

ನಾನು ಚಿಕ್ಕವನಿದ್ದಾಗ ನಮ್ಮಲ್ಲಿ ಚರಕಗಳಿದ್ದವು. ಕುದಿಯುವ ನೀರಿನಲ್ಲಿ ಗೂಡು ಬೇಯುತ್ತಿತ್ತು. ಅಬ್ಬಾ ಅದರೊಳಗೆ ಬೆರಳಾಡಿಸಿ ಎಳೆ ಹಿಡಿದು, ಹಲವು ಗೂಡುಗಳ ಎಳೆಗಳನ್ನು ಸೇರಿಸಿ ಒಂದು ನೂಲು ಮಾಡುತ್ತಿದ್ದರು. ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಹುಳು ಸರಿಯಾಗಿದೆಯೋ ಇಲ್ಲವೋ ಎಂದು ಹೇಳುತ್ತಿದ್ದರು. ಬೆರಳಿನಿಂದ ಒತ್ತಿ ನೋಡಿ ಈ ಲಾಟ್ ಎಷ್ಟು ನೂಲು ಕೊಟ್ಟೀತು ಎಂದು ಅಂದಾಜು ಮಾಡುತ್ತಿದ್ದರು. ಅದು ಹೆಚ್ಚು ತಪ್ಪುತ್ತಿರಲಿಲ್ಲ. ಆ ತಿಳಿವಳಿಕೆಯನ್ನು ಯಾರೂ ಬರೆದುಕೊಳ್ಳಲಿಲ್ಲ. ಮಗನಾದ ನಾನೂ ಬರೆದುಕೊಳ್ಳಲಿಲ್ಲ.

ಕೆಲವು ವರ್ಷಗಳ ನಂತರ ಸಹಾಯಧನದಲ್ಲಿ ಮಲ್ಟಿ ಎಂಡ್ ಯಂತ್ರ ಬಂತು. ಒಳ್ಳೆಯ ಯಂತ್ರವೇ. ನೂಲು ಸಮವಾಗಿ ಬರುತ್ತಿತ್ತು. ಆದರೆ ಅದಕ್ಕೆ ತಕ್ಕ ಗೂಡು ದಿನಾ ಸಿಗುತ್ತಿರಲಿಲ್ಲ. ಮಾರುಕಟ್ಟೆಗೆ ಬರುತ್ತಿದ್ದದ್ದು ಬಹುಪಾಲು ಮಿಶ್ರತಳಿ ಗೂಡು. ಅದರ ಎಳೆ ಚಿಕ್ಕದು, ಪದೇ ಪದೇ ತುಂಡಾಗುತ್ತದೆ. ಬಿಳಿಯ ದ್ವಿತಳಿ ಗೂಡಿನ ಎಳೆ ಸಾವಿರ ಮೀಟರ್ ದಾಟುತ್ತದೆ, ತುಂಡಾಗುವುದು ಕಡಿಮೆ. ಇನ್ನೊಂದು ಕಡೆ, ನಮ್ಮ ನೂಲು ಕೊಳ್ಳುತ್ತಿದ್ದ ವ್ಯಾಪಾರಿ ಚರಕದ ನೂಲಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಮಾಡಲಿಲ್ಲ. ಕರೆಂಟು ಹೋದಾಗ ಬೆಂದ ಗೂಡು ಹಾಳಾಗುತ್ತಿತ್ತು. ಸಾಲದ ಕಂತು ಮಾತ್ರ ತಪ್ಪದೆ ಬರುತ್ತಿತ್ತು. ಎರಡು ವರ್ಷದಲ್ಲಿ ಅಬ್ಬಾ ಯಂತ್ರವನ್ನು ಮೂಲೆಗೆ ಸರಿಸಿದರು.

ಆಗ ನಾನು ಪದವಿ ಓದುತ್ತಿದ್ದೆ. “ನಿಮಗೆ ಹೊಸದು ಬೇಡ, ಅದಕ್ಕೇ ಹೀಗೆ” ಎಂದುಬಿಟ್ಟೆ. ಅಬ್ಬಾ ಉತ್ತರ ಕೊಡಲಿಲ್ಲ. ಇವತ್ತು ಈ ವಿಷಯ ಓದಿ, ಪಾಠ ಮಾಡಿದ ಮೇಲೆ ನನಗೆ ಗೊತ್ತಾಗಿದೆ: ಯಂತ್ರ ಕೊಟ್ಟವರದ್ದೂ ತಪ್ಪಲ್ಲ, ಪಡೆದವರದ್ದೂ ತಪ್ಪಲ್ಲ. ಗೂಡು, ಯಂತ್ರ, ನೂಲಿನ ಬೆಲೆ ಎಂಬ ಮೂರು ಕೊಂಡಿಗಳಲ್ಲಿ ಒಂದನ್ನು ಮಾತ್ರ ಬದಲಿಸಿದ್ದು ತಪ್ಪು. ಈ ಮಾತನ್ನು ಅವರಿಗೆ ಹೇಳುವ ಹೊತ್ತಿಗೆ ಅವರು ಇರಲಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. 1 ಕೆ.ಜಿ. ಕಚ್ಚಾ ರೇಷ್ಮೆಗೆ ಎಷ್ಟು ಕೆ.ಜಿ. ಗೂಡು ಬೇಕು ಎಂಬುದಕ್ಕೆ ‘ರೆಂಡಿಟ್ಟಾ’ ಎನ್ನುತ್ತಾರೆ. ಮಿಶ್ರತಳಿಗೆ 7.5, ದ್ವಿತಳಿಗೆ 6.5 ಎಂದಿಟ್ಟುಕೊಳ್ಳಿ. 100 ಕೆ.ಜಿ. ಗೂಡಿಗೆ ಮೊದಲನೆಯದರಲ್ಲಿ ಸುಮಾರು 13.3 ಕೆ.ಜಿ., ಎರಡನೆಯದರಲ್ಲಿ ಸುಮಾರು 15.4 ಕೆ.ಜಿ. ನೂಲು. ಎರಡು ಕೆ.ಜಿ.ಗೂ ಹೆಚ್ಚು ವ್ಯತ್ಯಾಸ! ಹಾಗಾದರೆ ರೈತರೆಲ್ಲ ದ್ವಿತಳಿಯನ್ನೇ ಏಕೆ ಸಾಕಲಿಲ್ಲ? ದ್ವಿತಳಿ ಹುಳು ನಾಜೂಕು. ನಮ್ಮ ಬೇಸಿಗೆಯ ಸೆಕೆಗೆ ಬೇಗ ರೋಗ ಹಿಡಿಯುತ್ತದೆ. ಅಷ್ಟು ಅಪಾಯ ಹೊತ್ತ ರೈತನಿಗೆ ಹೆಚ್ಚಿನ ಬೆಲೆ ಖಾತ್ರಿಯಿರಬೇಕು. ರೀಲರ್ ಹೆಚ್ಚಿನ ಬೆಲೆ ಕೊಡಬೇಕಾದರೆ ಆ ಗೂಡಿನ ಗುಣವನ್ನು ನೂಲಿಗೆ ತರುವ ಯಂತ್ರ ಅವನಲ್ಲಿರಬೇಕು. ಯಂತ್ರ ಕೊಳ್ಳಬೇಕಾದರೆ ಅಂಥ ಗೂಡು ವರ್ಷವಿಡೀ ಸಿಗಬೇಕು. ಒಬ್ಬರು ಇನ್ನೊಬ್ಬರಿಗಾಗಿ ಕಾಯುತ್ತ ಎಲ್ಲರೂ ನಿಂತಲ್ಲೇ ನಿಂತರು.

ಈ ಗಂಟನ್ನು ಬಿಚ್ಚಿದ ಒಂದು ದೇಶವಿದೆ. ಜಪಾನಿನ ವಿಜ್ಞಾನಿ ತೋಯಾಮಾ ಕಾಮೆತಾರೊ 20ನೇ ಶತಮಾನದ ಆರಂಭದಲ್ಲಿ ಸಂಕರ ಹುಳುಗಳು ಹೆಚ್ಚು ಗಟ್ಟಿ, ಗೂಡೂ ಏಕರೂಪ ಎಂದು ತೋರಿಸಿದರು. ಅಲ್ಲಿಯ ಸರ್ಕಾರ 1911ರಲ್ಲಿ ಮೂಲ ಮೊಟ್ಟೆ ತಯಾರಿಸುವ ರಾಷ್ಟ್ರೀಯ ಸಂಸ್ಥೆಯನ್ನೇ ತೆರೆಯಿತು. ನೂಲು ಗಿರಣಿಗಳು ತಮಗೆ ಬೇಕಾದ ತಳಿಯ ಮೊಟ್ಟೆಗಳನ್ನು ರೈತರಿಗೆ ತಲುಪಿಸಿದವು. ರಫ್ತಾಗುವ ರೇಷ್ಮೆಯ ಗುಣ ಪರೀಕ್ಷಿಸಲು ಯೊಕೊಹಾಮಾ ಬಂದರಿನಲ್ಲಿ 1896ರಿಂದಲೇ ಪರೀಕ್ಷಾ ಕೇಂದ್ರವಿತ್ತು. ಮೊಟ್ಟೆ, ಗೂಡು, ಯಂತ್ರ, ಗುಣಮಟ್ಟ ಎಲ್ಲವೂ ಒಟ್ಟಿಗೆ ಸಾಗಿದವು.

ಅದೇ ಜಪಾನಿನ ನೆರವಿನೊಂದಿಗೆ 1991ರಿಂದ ನಮ್ಮಲ್ಲೂ ದ್ವಿತಳಿ ಯೋಜನೆ ನಡೆಯಿತು. ಮೈಸೂರಿನಲ್ಲಿ ಸಿಎಸ್‌ಆರ್-2 ಮತ್ತು ಸಿಎಸ್‌ಆರ್-4ರ ಸಂಕರದಂತಹ ತಳಿಗಳು ಬಂದವು. ಇಂದು ಮಾರುಕಟ್ಟೆಯಲ್ಲಿ ಬಿಳಿ ಗೂಡಿನ ರಾಶಿ ಕಾಣುವುದು, ಸ್ವಯಂಚಾಲಿತ ಯಂತ್ರಗಳಿಗೆ ಗೂಡು ಸಿಗುವುದು ಅದರ ಫಲ. ಯಂತ್ರ ಮೂಲೆ ಸೇರಿದ ಮೇಲೆ ಅದಕ್ಕೆ ತಕ್ಕ ಗೂಡು ಬಂತು. ನಮ್ಮ ಮನೆಗೆ ಅದು ತಡವಾಯಿತು, ಊರಿಗೆ ತಡವಾಗಲಿಲ್ಲ.

ಪ್ರದೇಶಕ್ಕೆ ಬರುವ ಮೂರು ಕಾಯಿಲೆ

ಆಸ್ಟ್ರಿಯಾದ ಫ್ರಾಂಜ್ ಟೋಡ್ಲಿಂಗ್ ಮತ್ತು ಮಿಶೇಲಾ ಟ್ರಿಪ್ಲ್ 2005ರಲ್ಲಿ ಎಲ್ಲ ಪ್ರದೇಶಕ್ಕೂ ಒಂದೇ ಮದ್ದು ಸಲ್ಲದು ಎಂದು ವಾದಿಸಿದರು. ಅವರು ಗುರುತಿಸಿದ ಕಾಯಿಲೆಗಳು ಮೂರು. ಸಂಸ್ಥೆಗಳೇ ಇಲ್ಲದಿರುವುದು ಮೊದಲನೆಯದು. ಸಂಸ್ಥೆಗಳಿದ್ದರೂ ಪರಸ್ಪರ ಮಾತಿಲ್ಲದಿರುವುದು ಎರಡನೆಯದು. ಹಳೆಯ ದಾರಿಗೇ ಅಂಟಿಕೊಳ್ಳುವುದು ಮೂರನೆಯದು.

ನಮ್ಮ ಊರಿಗೆ ಮೊದಲನೆಯದು ಇಲ್ಲ. ಎರಡನೆಯದನ್ನು ಮೇಲೆ ಹೇಳಿದೆ. ಮೂರನೆಯದನ್ನು ಹೇಳಲು ಸಂಕೋಚವಾಗುತ್ತದೆ, ಆದರೆ ಹೇಳದಿದ್ದರೆ ಪಾಠ ಪೂರ್ತಿಯಾಗುವುದಿಲ್ಲ.

ನಮ್ಮ ಚರಕದ ಹಿಡಿ ತಿರುಗಿಸಲು ನನ್ನದೇ ವಯಸ್ಸಿನ ಹುಡುಗನೊಬ್ಬ ಬರುತ್ತಿದ್ದ. ಅವನ ಮನೆಯವರು ಮುಂಗಡ ಪಡೆದಿದ್ದರು. ನಾನು ಬ್ಯಾಗು ಹಾಕಿಕೊಂಡು ಶಾಲೆಗೆ ಹೊರಡುವಾಗ ಅವನು ಹಬೆಯ ನಡುವೆ ಕೂತಿರುತ್ತಿದ್ದ. ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ಪ್ರಕಟಿಸಿದ ವರದಿಯಲ್ಲಿ ಕರ್ನಾಟಕದ ಪ್ರಸ್ತಾಪವೂ ಇದೆ. ಇದನ್ನು ಅರ್ಥಶಾಸ್ತ್ರದ ಕಣ್ಣಿನಿಂದಲೂ ನೋಡಿ. ಅಗ್ಗದ ಕೈಗಳು ಸಿಗುವಷ್ಟು ದಿನ ಯಾರಿಗೂ ಹೊಸ ಯಂತ್ರ ಬೇಕೆನಿಸುವುದಿಲ್ಲ. ಆ ಹುಡುಗನ ಬಾಲ್ಯ ಹೋಯಿತು, ಜೊತೆಗೆ ಕಸುಬೂ ಹಳೆಯ ದಾರಿಯಲ್ಲೇ ನಿಂತಿತು. ಬಾಲಕಾರ್ಮಿಕ ತಡೆ ಕಾನೂನು ನಾವೀನ್ಯತೆಗೆ ಅಡ್ಡಿಯಲ್ಲ. ಅದೂ ನಾವೀನ್ಯತೆಯ ನೀತಿಯೇ.

ಸಾರ್ವಜನಿಕ ನೀತಿಗೆ ಇದರಿಂದ ಏನು ಪಾಠ?

ಪರೀಕ್ಷೆಯ ದೃಷ್ಟಿಯಿಂದಲೂ ಉಪಯೋಗವಾಗಲೆಂದು ನಾಲ್ಕು ಅಂಶಗಳಲ್ಲಿ ಹೇಳುತ್ತೇನೆ.

1. ಬಿಡಿಭಾಗಕ್ಕಲ್ಲ, ಕೊಂಡಿಗೆ ಹಣ ಕೊಡಬೇಕು. ಯಂತ್ರಕ್ಕೆ ಸಹಾಯಧನ ಕೊಡುವಾಗಲೇ ಅದಕ್ಕೆ ತಕ್ಕ ಗೂಡು ಮತ್ತು ನೂಲಿನ ಗುಣಕ್ಕೆ ತಕ್ಕ ಬೆಲೆಯ ವ್ಯವಸ್ಥೆಯೂ ಆಗಬೇಕು.

2. ಬಳಸುವವರ ಮಾತು ಪ್ರಯೋಗಾಲಯಕ್ಕೆ ತಲುಪಬೇಕು. ಮಾಡುವವರು ಮತ್ತು ಬಳಸುವವರು ಒಡನಾಡುತ್ತ ಕಲಿಯುತ್ತಾರೆ ಎಂದು ಡೆನ್ಮಾರ್ಕಿನ ಬೆಂಗ್ಟ್-ಓಕೆ ಲುಂಡ್‌ವಾಲ್ ತೋರಿಸಿದ್ದಾರೆ. ರೀಲರ್‌ಗೆ ತರಬೇತಿ ಕೊಟ್ಟರೆ ಸಾಲದು, ಅವನಿಂದ ಕಲಿಯಲೂ ಒಂದು ಏರ್ಪಾಡು ಬೇಕು.

3. ದೂರದ ನಿರ್ಧಾರಗಳ ಪೆಟ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಲಾಯಿತು. ಗೂಡಿನ ಬೆಲೆ ಕುಸಿದು ನಮ್ಮ ರೈತರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಲಾಯಿತು. ಅಗ್ಗದ ನೂಲು ನೇಕಾರನಿಗೆ ಬೇಕು, ಒಳ್ಳೆಯ ಬೆಲೆ ರೈತನಿಗೆ ಬೇಕು. ಇಬ್ಬರನ್ನೂ ಕೂರಿಸಿ ಮಾತಾಡದೆ ಮಾಡಿದ ನೀತಿ ಒಬ್ಬರ ಮನೆಯ ಒಲೆ ಆರಿಸುತ್ತದೆ.

4. ಹೊಸತನದ ಲಾಭ ಯಾರಿಗೆ ಎಂದು ಕೇಳಬೇಕು. ಸ್ವಯಂಚಾಲಿತ ಯಂತ್ರ ದೊಡ್ಡ ಬಂಡವಾಳದ್ದು. ಸಣ್ಣ ರೀಲರ್‌ಗಳು ಸಂಘ ಕಟ್ಟಿಕೊಂಡು ಕೊಳ್ಳಲು ದಾರಿಯಿಲ್ಲದಿದ್ದರೆ ಊರು ಮುಂದೆ ಹೋಗುತ್ತದೆ, ಊರಿನ ಜನ ಹಿಂದೆ ಉಳಿಯುತ್ತಾರೆ.

ನಿಮಗೆ ಮನೆಗೆಲಸ

ನಿಮ್ಮಲ್ಲಿ ಅನೇಕರು ರೀಲರ್‌ಗಳ, ಕೂಲಿಯವರ, ಹುಳು ಸಾಕುವವರ ಮಕ್ಕಳು. ಈ ವಾರ ಮನೆಯ ಹಿರಿಯರನ್ನು ಮೂರು ಪ್ರಶ್ನೆ ಕೇಳಿ, ಉತ್ತರವನ್ನು ಅವರ ಮಾತಿನಲ್ಲೇ, ಕನ್ನಡವಾಗಲಿ ಉರ್ದುವಾಗಲಿ, ಬರೆದುಕೊಂಡು ಬನ್ನಿ. ಗೂಡಿನ ಗುಣವನ್ನು ನೀವು ಹೇಗೆ ಗುರುತಿಸುತ್ತೀರಿ? ನೀವು ಬಳಸಲು ಶುರುಮಾಡಿ ಬಿಟ್ಟುಬಿಟ್ಟ ಹೊಸ ವಸ್ತು ಯಾವುದು, ಏಕೆ ಬಿಟ್ಟಿರಿ? ಸಂಶೋಧನಾ ಸಂಸ್ಥೆಯವರು ನಿಮ್ಮ ಮುಂದೆ ಕೂತರೆ ಏನು ಕೇಳುತ್ತೀರಿ?

ಎರಡನೆಯ ಪ್ರಶ್ನೆ ಕೇಳುವಾಗ ನಾನು ನಮ್ಮ ಅಬ್ಬಾ ಅವರಿಗೆ ಹೇಳಿದಂತೆ ಹೇಳಬೇಡಿ. ಮೊದಲು ಪೂರ್ತಿ ಕೇಳಿಸಿಕೊಳ್ಳಿ.

ಅಂದು ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ಆಗಲೇ ತನ್ನ ದಾದಿಯಿಂದ ಎರಡು ಪುಟ ಬರೆದುಕೊಂಡು ಬಂದಿದ್ದಾಳೆ. ಗೂಡು ಬೇಯಿಸುವ ನೀರಿನ ಬಣ್ಣ ನೋಡಿ, ಯಾವಾಗ ನೀರು ಬದಲಿಸಬೇಕು ಎಂದು ಹೇಳುವ ವಿಧಾನ ಅದರಲ್ಲಿದೆ. ನನಗೆ ಅದು ಗೊತ್ತಿರಲಿಲ್ಲ. ಉಳಿದವರ ಪುಟಗಳು ತಿಂಗಳ ಕೊನೆಯೊಳಗೆ ಅರ್ಥಶಾಸ್ತ್ರ ವಿಭಾಗದಲ್ಲಿ ನನ್ನ ಮೇಜಿನ ಮೇಲಿರಲಿ. ಎಲ್ಲವನ್ನೂ ಸೇರಿಸಿ ಒಂದು ಕಡತ ಮಾಡಿ ಕಾಲೇಜಿನ ಗ್ರಂಥಾಲಯದಲ್ಲಿಡೋಣ.